ಅಧ್ಯಕ್ಷೆಯ ಕಣ್ಣು

ನಿನ್ನ ಕೆಲಸವೇನು ಎಂದು ಬೇರೆ ಊರಿನವರು ಕೇಳಿದರೆ, ಬಸ್ ಸ್ಟ್ಯಾಂಡಿನಲ್ಲಿ ಜನ ಹಿಡಿಯುವುದು ಎನ್ನುತ್ತೇನೆ. ಕಳ್ಳಿ ಎಂದುಕೊಳ್ಳುತ್ತಾರೋ ಪೊಲೀಸಿನವಳು ಎಂದುಕೊಳ್ಳುತ್ತಾರೋ, ಅದು ಅವರಿಗೆ ಬಿಟ್ಟದ್ದು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿನಿಂದ ಇಳಿಯುವವರಲ್ಲಿ ಊರಿಗೆ ಹೊಸಬರು ಯಾರೆಂದು ನೋಡುತ್ತೇನೆ. ಗುರುತಿಸುವುದು ಕಷ್ಟವೇನಲ್ಲ, ಹೊಸಬರು ಇಳಿದ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಾರೆ. ಅವರಲ್ಲಿ ಪುರುಸೊತ್ತಿರುವ ಒಬ್ಬರನ್ನು ಒಲಿಸಿ ಕರೆದುಕೊಂಡು ಹೋಗಿ, ನಗರಸಭೆಯ ಅಧ್ಯಕ್ಷರ ಪಕ್ಕದಲ್ಲಿ ನಿಲ್ಲಿಸಿ, ಇಬ್ಬರಿಗೂ ಒಂದೇ ಬೀದಿಯನ್ನು ತೋರಿಸಿ, ಏನೇನು ಕಾಣುತ್ತದೆ ಎಂದು ಕೇಳುವುದು ನನ್ನ ನೌಕರಿ. ಇಬ್ಬರಿಗೂ ಒಂದೇ ಕಂಡರೆ ಅಧ್ಯಕ್ಷರಿಗೆ ಇನ್ನೊಂದು ವಾರ ಕುರ್ಚಿ.

ಈ ದೊಡ್ಡ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಊರಿನ ಕೆಡುಕು ಕಾಣುವುದಿಲ್ಲ. ರಸ್ತೆಯ ಗುಂಡಿಯಿಲ್ಲ, ವಾಲಿದ ಕಂಬವಿಲ್ಲ, ಕಸದ ರಾಶಿಯಿಲ್ಲ. ನಮ್ಮ ಕಣ್ಣಿಗೆ ಅಲ್ಲೆಲ್ಲ ಸಪಾಟು ರಸ್ತೆ, ನೆಟ್ಟಗಿನ ಕಂಬ, ಖಾಲಿ ಬಯಲು. ಕಾಲಿಗೆ ಮಾತ್ರ ಅದರದೇ ಬುದ್ಧಿಯಿದೆ. ಮಾರ್ಕೆಟ್ ರಸ್ತೆಯಲ್ಲಿ ಮದುವೆ ಮೆರವಣಿಗೆ ಹೊರಟರೆ ವರ, ವಧು, ವಾಲಗದವರು ಎಲ್ಲರೂ ಒಂದು ಜಾಗಕ್ಕೆ ಬಂದಾಗ ಎಡಕ್ಕೆ ಹಾರಿ ಮತ್ತೆ ಸಾಲಿಗೆ ಸೇರುತ್ತಾರೆ, ಊದುವವನ ಉಸಿರು ಕೂಡ ತಪ್ಪುವುದಿಲ್ಲ. ಹೊರ ಊರಿನ ನೆಂಟರು ಬಿದ್ದು ಬಿದ್ದು ನಗುತ್ತಾರೆ, ತಾವು ಮಾತ್ರ ನೆಲ ನೋಡಿ ನೋಡಿ ಹೆಜ್ಜೆಯಿಡುತ್ತಾರೆ. ನಾವು ಅವರನ್ನು ನೋಡಿ, ಪಾಪ, ನಡೆಯಲು ಬರುವುದಿಲ್ಲ ಎಂದುಕೊಳ್ಳುತ್ತೇವೆ.

ಅದಕ್ಕೇ ಅಧ್ಯಕ್ಷರು ಹೊರಗಿನವರಾಗಿರಬೇಕೆಂದು ಹಿಂದಿನವರು ಕಾನೂನು ಮಾಡಿದ್ದಾರೆ. ಚುನಾವಣೆಗೆ ನಿಲ್ಲುವವರೆಲ್ಲ ಬಸ್ಸಿನಲ್ಲಿ ಬಂದವರೇ. ಆದರೆ ಹೊರಗಿನವರ ಕಣ್ಣೂ ಪಳಗುತ್ತದೆ. ದಿನ ಕಳೆದಂತೆ ಅಲ್ಲ, ಜನ ಹತ್ತಿರವಾದಂತೆ. ಒಂದು ಮನೆಯಲ್ಲಿ ಕೂತು ಉಂಡರೆ ಒಂದಷ್ಟು ಗುಂಡಿಗಳು ಮುಚ್ಚಿಹೋದವು ಎಂದೇ ತಿಳಿಯಬೇಕು. ಕಣ್ಣು ಪೂರ್ತಿ ಪಳಗಿದ ದಿನ ನಾನು ಎಲ್ಲರ ಎದುರು "ನೀವು ನಮ್ಮವರಾದಿರಿ" ಎಂದು ಹೇಳಿ ತಾಂಬೂಲ ಕೊಡುತ್ತೇನೆ. ಬ್ಯಾಂಡ್ ಬಾರಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಅಧಿಕಾರ ಹೋಯಿತು ಎನ್ನುವುದಕ್ಕೆ ನಮ್ಮಲ್ಲಿರುವ ಮಾತು ಅದೊಂದೇ.

ನಮ್ಮ ಉಪಾಧ್ಯಕ್ಷರು ರಂಗಧಾಮಯ್ಯ. ಊರಿನವರೇ, ಆದ್ದರಿಂದ ಅಧ್ಯಕ್ಷರಾಗುವಂತಿಲ್ಲ. ಹೊಸಬರು ಬರುವ ತನಕ ಊರನ್ನು ನೋಡಿಕೊಳ್ಳುವುದು ಅವರ ಭಾಗ್ಯ. ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಯಾವ ಅಧ್ಯಕ್ಷರ ವಿರುದ್ಧವೂ ಅವರು ಒಂದು ಮಾತು ಆಡಿದವರಲ್ಲ. ಬಂದ ದಿನವೇ ಮನೆಗೆ ಊಟಕ್ಕೆ ಕರೆಯುತ್ತಾರೆ, ಅಷ್ಟೆ. ಮರುದಿನ ತಮ್ಮನ ಮನೆ, ಅದರ ಮರುದಿನ ಬೀಗರ ಮನೆ, ಆಮೇಲೆ ಯಾರದೋ ನಾಮಕರಣ. ಹೋಳಿಗೆ, ತುಪ್ಪ, ಉಪಚಾರ. ಊರನ್ನು ತಲೆಕೆಳಗು ಮಾಡುತ್ತೇನೆಂದು ಬಂದ ಎಷ್ಟೋ ಮಂದಿ ತಿಂಗಳು ತುಂಬುವಷ್ಟರಲ್ಲಿ, ಇಷ್ಟು ಒಳ್ಳೆಯ ಊರಿಗೆ ಏನು ಕಡಿಮೆಯಾಗಿದೆ ಎಂದು ಕೇಳುತ್ತ ತಾಂಬೂಲ ತೆಗೆದುಕೊಂಡಿದ್ದಾರೆ. ಒಬ್ಬರು ಮಾತ್ರ ಬಗ್ಗಲಿಲ್ಲ. ಮಿಲಿಟರಿಯಿಂದ ಬಂದವರು, ಊರ ಗಡಿಯಾಚೆ ಟೆಂಟು ಹಾಕಿಕೊಂಡು ಬರೀ ಬಿಸ್ಕತ್ತು ತಿಂದು ಬದುಕಿದರು. ಅವರಿಗೆ ಕೊನೆಯವರೆಗೂ ಎಲ್ಲವೂ ಕಂಡಿತು. ಆದೇಶದ ಮೇಲೆ ಆದೇಶ ಹೊರಡಿಸಿದರು. ಯಾರೋ ಬಿಸ್ಕತ್ತಿನವರು ಖಾಲಿ ಬಯಲು ತೋರಿಸಿ ಕಸದ ಗುಡ್ಡ ತೆಗೆಯಿರಿ ಎಂದರೆ ಯಾರು ಗುದ್ದಲಿ ಎತ್ತುತ್ತಾರೆ? ಅವರೂ ಟೆಂಟು ಮಡಚಿಕೊಂಡು ಹೋದರು.

ದ್ಯಾಮವ್ವ ಹೂಗಾರ ಬಂದದ್ದು ಅವರಾದ ಮೇಲೆ. ಬಡಗಣ ಸೀಮೆಯವರು, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ರಾಜಕೀಯವೆಂದರೆ ಅವರಿಗೆ ಗೊತ್ತಿದ್ದದ್ದು ನಿಂತವರನ್ನು ಮುಂದೆ ಸರಿಸುವುದು. ಅವರ ಬಸ್ಸು ನಮ್ಮ ಊರಿನ ನಡುವೆಯೇ ಹಾದುಹೋಗುತ್ತಿತ್ತಂತೆ.

"ಕಿಟಕ್ಯಾಗಿಂದ ದಿನಾ ನೋಡತಿದ್ನಿರಿ," ಎಂದು ಚುನಾವಣೆಯ ಭಾಷಣದಲ್ಲಿ ಹೇಳಿದರು. "ಈ ಊರಾಗ ಜನಾ ಅಲ್ಲಲ್ಲಿ ಯಾಕ ಹಾರತಾರ ಅಂತ. ನೌಕರಿ ಇದ್ದಾಗ ಇಳದ ಕೇಳಾಕ ಆಗಲಿಲ್ಲ. ಈಗ ಬಂದೀನಿ."

ಇಷ್ಟೇ ಭಾಷಣ. ಜನ ನಕ್ಕು ಓಟು ಹಾಕಿದರು.

ನಾನಿರುವುದು ಹಿತ್ತಲ ಬೀದಿಯಲ್ಲಿ, ಅಕ್ಕ ಸಾಕಮ್ಮನ ಜೊತೆ. ಮನೆಗಳ ಹಿಂದೆ ತುಂಬೆ ಹೂವಿನ ಬಯಲು. ಯಾಕೋ ಏನೋ, ಅದನ್ನು ದಾಟಿ ಯಾರೂ ಆಚೆ ಹೋಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಗಳಿಗೆ ನೀರು ನುಗ್ಗುತ್ತದೆ. ಎಲ್ಲರೂ ಅಟ್ಟ ಹತ್ತುತ್ತಾರೆ. ಅಕ್ಕನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ, ಅವಳನ್ನು ಮಂಚದ ಸಮೇತ ಹಗ್ಗ ಕಟ್ಟಿ ಎಳೆದುಕೊಳ್ಳಬೇಕು. ಹೋದ ವರ್ಷ ಹಗ್ಗ ಹಿಡಿಯುವವರು ಬರುವುದು ತಡವಾಯಿತು. ನಾನೊಬ್ಬಳೇ ಅವಳ ತಲೆಯನ್ನು ಎತ್ತಿ ಹಿಡಿದುಕೊಂಡು ನಿಂತಿದ್ದೆ, ನೀರು ಗದ್ದಕ್ಕೆ ಬಂದಿತ್ತು. ಬದುಕಿ ಮೇಲೆ ಹೋದ ನಂತರ ಅವಳು, "ಬರೋ ವರ್ಷ ಮೂಗಿಗೆ ಬರ್ತದೆ ಬಿಡು," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅಂದಿನಿಂದ ಮೋಡ ಕಂಡರೆ ಮೊದಲು ಹಗ್ಗ ಎಲ್ಲಿದೆ ಎಂದು ನೋಡುತ್ತೇನೆ.

ಅಧ್ಯಕ್ಷೆಯಾದ ಮರುದಿನವೇ ದ್ಯಾಮವ್ವ ನಮ್ಮ ಹಿತ್ತಲಿಗೆ ಬಂದು ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ಇಲ್ಲೊಂದು ದೊಡ್ಡ ಕಾಲುವಿ ಐತ್ರಿ," ಎಂದರು. "ಮ್ಯಾಲಿನ ಓಣಿಗಳ ಮಳಿನೀರು ಹೋಗೂ ಕಾಲುವಿ. ಅದರ ಬಾಯಾಗ ಕಸ ಬಿದ್ದು ಬಿದ್ದು ಗುಡ್ಡ ಆಗೈತಿ. ನಿಮ್ಮ ಮನಿಗಿಂತ ಎತ್ತರ. ನೀರು ನಿಮ್ಮ ಮನ್ಯಾಗ ಬರಲಾರದ ಇನ್ನೆಲ್ಲಿ ಹೋದೀತು?"

"ನಾವು ಮಳೆ ಜಾಸ್ತಿ ಅಂದ್ಕೊಂಡಿದ್ವಿ," ಎಂದೆ. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆವು.

ಆ ವಾರವೇ ಆದೇಶ ಹೊರಟಿತು. ಮೇಸ್ತ್ರಿ ಕೆಂಪಯ್ಯ ಆಳುಗಳನ್ನು ಕರೆದುಕೊಂಡು ಬಂದು ಬಯಲಿನ ಮುಂದೆ ನಿಂತ. ಅವನೂ ನಮ್ಮ ಬೀದಿಯವನೇ.

"ಎಲ್ಲಿ ಅಗೀಲಿ ತಾಯಿ? ಹೂವಾನಾ?" ಎಂದು ಕೇಳಿದ.

"ಹೂವಲ್ಲೋ ಯಪ್ಪಾ, ಕಸ ಅದು."

"ನೀವು ಹೇಳ್ತೀರ, ಇರಬೌದು. ಆದ್ರೆ ಕೈ ಬರ್ತಾ ಇಲ್ವಲ್ಲ. ಚಂದಾಗಿರೋ ಬಯಲು." ಮಧ್ಯಾಹ್ನದ ಹೊತ್ತಿಗೆ ಗುದ್ದಲಿಗಳನ್ನು ಹೆಗಲಿಗೇರಿಸಿಕೊಂಡು ಎಲ್ಲರೂ ಹೊರಟುಹೋದರು.

ಅತ್ತ ರಂಗಧಾಮಯ್ಯನವರು ಊಟಕ್ಕೆ ಕರೆಯುತ್ತಲೇ ಇದ್ದರು. ದ್ಯಾಮವ್ವ ಒಪ್ಪಲಿಲ್ಲ. ಊರಿನಿಂದ ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಯನ್ನು ಕಚೇರಿಯಲ್ಲೇ ಬಿಚ್ಚಿ, ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದರು. ಮೂರು ಸೋಮವಾರ ನನ್ನ ಪರೀಕ್ಷೆಯಲ್ಲಿ ಅವರು ತಪ್ಪಲೇ ಇಲ್ಲ. ಗುಡ್ಡವೂ ಅಲುಗಲಿಲ್ಲ. ಅವರನ್ನು ನೋಡಿ ನನಗೆ ಮರುಕವೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಕಾಣುತ್ತದೆ ಎಂದ ಮಾತ್ರಕ್ಕೆ ಏನು ಬಂತು?

ಒಂದು ದಿನ ಮಧ್ಯಾಹ್ನ ಏನೋ ಕೇಳಲು ನಮ್ಮ ಮನೆಗೆ ಬಂದರು. ಹೊಸ್ತಿಲ ಆಚೆಯೇ ನಿಂತಿದ್ದವರು ಗೋಡೆ ನೋಡಿ ಮಾತು ನಿಲ್ಲಿಸಿದರು. ಒಳಗೆ ಬಂದು ಗೋಡೆಯ ಮೇಲೆ ಒಂದು ಕಡೆ ಕೈಯಿಟ್ಟರು.

"ನೀರಿನ ಕಲಿ ಇಲ್ಲಿತನಾ ಐತಿ," ಎಂದರು. ನಮಗೆ ಕಂಡದ್ದು ಒಂದು ಕಲೆಯೂ ಇಲ್ಲದ ಬಿಳಿ ಗೋಡೆ. ಅವರು ತಮ್ಮ ಕೈಯ ಎತ್ತರ ನೋಡಿದರು, ಮಂಚ ನೋಡಿದರು, ಮಂಚದ ಮೇಲಿದ್ದ ಅಕ್ಕನ ಮುಖ ನೋಡಿದರು. ಆಮೇಲೆ ನೆಲದ ಮೇಲೆ ಕೂತುಬಿಟ್ಟರು.

"ಸುಸ್ತಾಗಿದೀಯ ಕಣವ್ವ," ಎಂದಳು ಸಾಕಮ್ಮ. "ಒಂದು ಮುದ್ದೆ ಉಣ್ತೀಯಾ?"

"ಅಕ್ಕಾ, ಅವರು ಉಣ್ಬಾರ್ದು!" ಎಂದು ಗದರಿದೆ.

"ಸಾರೇನು?" ಎಂದರು ದ್ಯಾಮವ್ವ.

"ಹುರುಳಿ."

ದ್ಯಾಮವ್ವ ಇನ್ನೊಮ್ಮೆ ಗೋಡೆಯ ಕಡೆ ನೋಡಿದರು. "ಉಣ್ಣತೀನಿ," ಎಂದರು ಆಮೇಲೆ. "ಆದ್ರ ಪುಕ್ಕಟೆ ಅಲ್ಲ. ನಾಳಿ ಮುಂಜಾನಿ ಈ ಮನಿಯಿಂದ ಒಬ್ಬರು ಗುದ್ದಲಿ ತಗೊಂಡ ಬರಬೇಕು. ನಾ ಎಲ್ಲಿ ತೋರಸ್ತೀನಿ ಅಲ್ಲಿ ಅಗೀಬೇಕು. ಹೂವ ಕಂಡ್ರೂ ಅಗೀಬೇಕು."

ನಮ್ಮ ಮನೆಯಲ್ಲಿ ಇನ್ಯಾರಿದ್ದಾರೆ? ಮರುದಿನ ನಾನೇ ಹೋದೆ. ಅವರು ತೋರಿಸಿದ ಕಡೆ ಅಗೆದೆ. ಮೆತ್ತಗಿನ ಮಣ್ಣು, ಬಿಳಿ ಹೂವು. ಬುಟ್ಟಿ ತುಂಬಿ ಲಾರಿಗೆ ಹಾಕುವಾಗ ಒಳ್ಳೆಯ ನೆಲ ಹಾಳು ಮಾಡುತ್ತಿದ್ದೇನೆ ಎಂದು ಮನಸ್ಸು ಚುಚ್ಚುತ್ತಿತ್ತು. ಅಷ್ಟಾದರೂ ಅಗೆದೆ. ಮನೆಯಲ್ಲಿ ಕೂತು ಉಂಡವರ ಮಾತನ್ನು ತೆಗೆದುಹಾಕುವುದು ನಮ್ಮಿಂದ ಆಗುವುದಿಲ್ಲ.

ಅಂದಿನಿಂದ ದಿನಕ್ಕೊಂದು ಮನೆ. ದ್ಯಾಮವ್ವ ಹಿತ್ತಲ ಬೀದಿಯ ಮನೆ ಮನೆಗೂ ಹೋಗಿ ಉಂಡರು. ಕೆಂಪಯ್ಯನ ಮನೆಯಲ್ಲಿ ಅವರೆಕಾಳು ಉಪ್ಪಿಟ್ಟು ಚೆನ್ನಾಗಿದೆಯೆಂದು ಎರಡು ಸಲ ಹಾಕಿಸಿಕೊಂಡರು. ಆದೇಶಕ್ಕೆ ಜಗ್ಗದ ಕೆಂಪಯ್ಯ ಮರುದಿನ ಹೆಂಡತಿಯನ್ನೂ ಕರೆದುಕೊಂಡು ಗುದ್ದಲಿ ಹಿಡಿದು ಬಂದ. ಉಪಾಧ್ಯಕ್ಷರಿಗೆ ಸುದ್ದಿ ಮುಟ್ಟಿದಾಗ ಅವರು, "ಸದ್ಯ, ಊಟಕ್ಕೆ ಕೂತಳಲ್ಲ!" ಎಂದು ಸಂತೋಷಪಟ್ಟರಂತೆ.

ಅವರ ಸಂತೋಷಕ್ಕೆ ಕಾರಣವಿತ್ತು. ದ್ಯಾಮವ್ವ ಉಂಡು ಕೈತೊಳೆದು ಹೊರಗೆ ಬಂದಾಗಲೆಲ್ಲ ಬೀದಿಯ ತುದಿಯವರೆಗೆ ಒಮ್ಮೆ ಕಣ್ಣಾಡಿಸುತ್ತಿದ್ದರು. "ಆ ಕಂಬ ನೆಟ್ಟಗಾತು ನೋಡು," ಎನ್ನುತ್ತಿದ್ದರು. ಇನ್ನೊಂದು ದಿನ, "ಶಾಲಿ ಮುಂದಿನ ಗುಂಡಿ ಹೋತು."

"ಯಾಕೆ ಹೀಗೆ ಮಾಡ್ತೀರಿ?" ಎಂದು ಕೇಳಿಯೇಬಿಟ್ಟೆ. "ಕಣ್ಣು ಹೋದ್ರೆ ಕುರ್ಚಿ ಹೋಗುತ್ತೆ."

"ಬಿಸ್ಕತ್ತಿನವರಿಗೆ ಎಲ್ಲಾ ಕಂಡಿತ್ತಲ್ಲ, ಏನಾತು?" ಎಂದರು. "ದೂರ ನಿಂತ್ರ ಕಾಣತೈತಿ, ಆಗಂಗಿಲ್ಲ. ಸಮೀಪ ಬಂದ್ರ ಆಗತೈತಿ, ಕಾಣಂಗಿಲ್ಲ. ನಡುವ ಒಂದೀಟು ಜಾಗಾ ಐತಿ ನೋಡು, ಅಷ್ಟರಾಗ ಗುಡ್ಡ ಒಡೀಬೇಕು."

ಕುತೂಹಲಕ್ಕೆ ಅವರನ್ನೇ ಗಮನಿಸುತ್ತಿದ್ದೆ. ಮೊದಮೊದಲು ನಮ್ಮ ಬೀದಿಯಲ್ಲಿ ನೆಲ ನೋಡಿಕೊಂಡು ನಡೆಯುತ್ತಿದ್ದವರು ಬರಬರುತ್ತ ತಲೆಯೆತ್ತಿ, ಮಾತಾಡಿಕೊಂಡು, ಸರಿಯಾದ ಜಾಗಕ್ಕೆ ಬಂದಾಗ ಎಡಕ್ಕೆ ಹಾರತೊಡಗಿದರು. ಹಾರಿದ್ದು ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಒಂದೊಂದು ಸೋಮವಾರಕ್ಕೂ ಅವರಿಗೆ ಕಾಣುವುದು ಕಡಿಮೆಯಾಯಿತು. ಆದರೂ ಗುಡ್ಡ ಕಾಣುತ್ತಿತ್ತು, ಅದು ಬಹಳ ದೊಡ್ಡದು. ಇಬ್ಬರಿಗೂ ಒಂದಾದರೂ ಕೆಡುಕು ಒಂದೇ ಕಂಡರೆ ಕಾನೂನಿಗೆ ಸಾಕು, ಅದೊಂದನ್ನು ಹೇಳುತ್ತಿರುವ ತನಕ ನಾನು ಪಾಸು ಮಾಡಬಹುದಿತ್ತು.

ಮೋಡ ಕಟ್ಟತೊಡಗಿದ ಸೋಮವಾರ ನನಗೆ ಬಸ್ಸಿನಲ್ಲಿ ಸಿಕ್ಕಿದವರು ಸ್ಟೀಲ್ ಪಾತ್ರೆ ಮಾರುವವರು. ಬಯಲಿನ ಮುಂದೆ ನಿಲ್ಲಿಸಿದೆ. ಬೀದಿಯವರೆಲ್ಲ ಗುದ್ದಲಿ ಹಿಡಿದು ಕಾಯುತ್ತಿದ್ದರು. ರಂಗಧಾಮಯ್ಯನವರೂ ಬಂದಿದ್ದರು, ಹಿಂದೆ ಬ್ಯಾಂಡಿನವರು.

"ಅಬ್ಬಬ್ಬಾ, ಏನ್ ವಾಸನೆ!" ಎಂದರು ಪಾತ್ರೆಯವರು. "ಗುಡ್ಡಾನ ನಡುವೆ ಸೀಳಿದ ಹಾಗಿದೆ. ಆ ಕೊನೇಲಿ ಮಾತ್ರ ಇನ್ನೂ ಒಂದು ಗೋಡೆ ಅಷ್ಟು ಉಳಿದಿದೆ ನೋಡಿ."

ದ್ಯಾಮವ್ವ ಬಹಳ ಹೊತ್ತು ನೋಡಿದರು. ಅವರ ಮುಖ ಅರಳಿತು. "ತುಂಬಿ ಹೂವು ಎಷ್ಟ ಛಂದ ಬಿಟ್ಟಾವಲ್ಲ ನೀಲಾವತಿ," ಎಂದು ನನ್ನ ಕಡೆ ತಿರುಗಿದರು.

ಅವರು ನನ್ನ ಮುಖ ನೋಡಿ ಅರ್ಥಮಾಡಿಕೊಂಡರು. "ಹೋತೇನು?"

"ಹೋಯ್ತು."

"ಹಂಗಾದ್ರ ಹೇಳು. ನಿನ್ನ ಕೆಲಸ ನೀ ಮಾಡು."

ಎಷ್ಟೋ ಮಂದಿಗೆ ಆ ಮಾತನ್ನು ನಗುನಗುತ್ತ ಹೇಳಿದ್ದೆ. ಅಂದು ತಾಂಬೂಲದ ತಟ್ಟೆ ನೋಡಿಕೊಂಡು ಹೇಳಿದೆ, "ನೀವು ನಮ್ಮವರಾದಿರಿ." ತಾಂಬೂಲ ಕೊಡುವಾಗ ಅತ್ತುಬಿಟ್ಟೆ. ಬ್ಯಾಂಡಿನವರು ರೂಢಿಯಂತೆ ಶುರುಮಾಡಿ, ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಹೊಸ ಅಧ್ಯಕ್ಷರು ಬರೋ ತನಕ ಈ ಕೆಲಸ ನಿಲ್ಲಿಸ್ರಪ್ಪ," ಎಂದರು ರಂಗಧಾಮಯ್ಯ.

"ಯಾವ ಕೆಲಸ ಸ್ವಾಮಿ?" ಎಂದ ಕೆಂಪಯ್ಯ.

"ಅದೇ, ಆ ಗುಡ್ಡ ತೆಗೆಯೋದು."

"ಗುಡ್ಡ ಎಲ್ಲೈತೆ ತೋರ್ಸಿ, ನಿಲ್ಲಿಸ್ಬುಡ್ತೀವಿ."

ರಂಗಧಾಮಯ್ಯ ನೋಡಿದರು. ಅವರಿಗೂ ಕಂಡದ್ದು ತುಂಬೆ ಹೂವೇ. ಇಲ್ಲದ ಗುಡ್ಡವನ್ನು ತೆಗೆಯಬಾರದೆಂದು ಯಾವ ಕಾನೂನಿನಲ್ಲಿ ಹೇಳುತ್ತಾರೆ? ಕನ್ನಡಕ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. "ಆಗಲಿ, ಬಿಸಿಲಲ್ಲಿ ಜಾಸ್ತಿ ಹೊತ್ತು ಇರಬೇಡಿ," ಎಂದು ಹೇಳಿ ಹೊರಟುಹೋದರು. ಬಿಸಿಲು ಎಲ್ಲಿತ್ತು, ಆಕಾಶವೆಲ್ಲ ಕಪ್ಪಾಗಿತ್ತು.

ನಾನು ಪಾತ್ರೆಯವರ ಕೈ ಹಿಡಿದುಕೊಂಡೆ. "ಆ ಗೋಡೆ ಎಲ್ಲಿದೆ ಅಂತ ಮುಂದೆ ನಿಂತು ತೋರಿಸಿ. ಒಂದು ಲೋಟ ನೀರು ಕೂಡ ಕೊಡಲ್ಲ, ಬೇಜಾರು ಮಾಡ್ಕೋಬೇಡಿ." ಅವರು ವಿಚಿತ್ರವಾಗಿ ನೋಡಿದರು, ಆದರೆ ತೋರಿಸಿದರು. ಆಮೇಲೆ ದಿನವೂ ಬಸ್ ಸ್ಟ್ಯಾಂಡಿಗೆ ಹೋಗಿ ಯಾರನ್ನಾದರೂ ಹಿಡಿದು ತಂದೆ. ಒಬ್ಬರು ನರ್ಸು, ಒಬ್ಬರು ಲಗ್ನಪತ್ರಿಕೆ ಹಂಚಲು ಬಂದವರು, ಒಬ್ಬ ಮುದುಕ ಮೌಲ್ವಿ. ದೂರದಿಂದ ಬಂದವರಿಗೆ ಮಜ್ಜಿಗೆ ಕೊಡದೆ ನಿಲ್ಲಿಸಿಕೊಳ್ಳುವುದು ನಮ್ಮ ಬೀದಿಯ ಹೆಂಗಸರಿಗೆ ಅಗೆಯುವುದಕ್ಕಿಂತ ಕಷ್ಟವಾಯಿತು. ಕೆಂಪಯ್ಯನ ಹೆಂಡತಿ ಮೌಲ್ವಿಯವರ ಮುಖ ನೋಡಲಾರದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದ್ಯಾಮವ್ವ ನಮ್ಮ ಪಕ್ಕದ ಮನೆಯಲ್ಲೇ ಒಂದು ಕೋಣೆ ಹಿಡಿದಳು. ನಮ್ಮವಳಾದ ಮೇಲೆ ಯಾರೂ ಅವಳನ್ನು ಬಹುವಚನದಲ್ಲಿ ಕರೆಯಲಿಲ್ಲ, ಅವಳಿಗೂ ಅದೇ ಹಿತವಾಗಿತ್ತು. ಅವಳೂ ಬಂದು ಬುಟ್ಟಿ ಹೊರುತ್ತಿದ್ದಳು. ಆದರೆ ನಡುನಡುವೆ ನಿಂತು, "ಇಷ್ಟ ಛಂದ ಬಯಲು ಯಾಕ ಕೆಡಸ್ತೀವೋ ಏನೋ. ಆಗ ನಾ ಏನ ಕಂಡಿದ್ನೋ," ಎನ್ನುತ್ತಿದ್ದಳು. ಮೊದಲು ತಮಾಷೆ ಎಂದುಕೊಂಡೆವು. ತಮಾಷೆಯಲ್ಲ.

ಕೊನೆಗೆ ಬಂದವನು ಒಬ್ಬ ಲಾರಿ ಡ್ರೈವರ್. "ಇನ್ನು ಸ್ವಲ್ಪ ಇದೆ," ಎಂದು ಹೇಳಿ ಅವನು ಹೊರಟ. ಆ ಸ್ವಲ್ಪ ಎಂದರೆ ಎಷ್ಟು ಎಂದು ಕೇಳುವಷ್ಟರಲ್ಲಿ ಮಳೆ ಹನಿಯಿತು. ಮಧ್ಯಾಹ್ನದವರೆಗೆ ಮಳೆಯಲ್ಲೇ ಅಂದಾಜಿನ ಮೇಲೆ ಅಗೆದೆವು. ದಾರಿ ಬಿಟ್ಟಿತೋ ಇಲ್ಲವೋ ಹೇಳುವ ಕಣ್ಣು ಅಲ್ಲಿ ಒಂದೂ ಇರಲಿಲ್ಲ. ನೀರು ಮೊಣಕಾಲಿಗೆ ಬಂದಾಗ ಗುದ್ದಲಿ ಬಿಸಾಕಿ ಮನೆಗಳಿಗೆ ಓಡಿದೆವು.

ಈ ಸಲ ಕೆಂಪಯ್ಯ ತಡಮಾಡಲಿಲ್ಲ. ಹಗ್ಗ, ಇಬ್ಬರು ಆಳುಗಳ ಸಮೇತ ನನ್ನ ಹಿಂದೆಯೇ ಬಂದ. ಮಂಚಕ್ಕೆ ಹಗ್ಗ ಬಿಗಿಯಲು ಬಗ್ಗಿದರೆ ಸಾಕಮ್ಮ ಅವನ ಕೈ ತಳ್ಳಿದಳು.

"ಬ್ಯಾಡ. ನಾನು ಇಲ್ಲೇ ಇರ್ತೀನಿ."

"ಅಕ್ಕಾ, ತಲೆ ಕೆಟ್ಟಿದೆಯಾ?" ಎಂದು ಕೂಗಿದೆ. ನನಗೆ ಅವಳನ್ನು ಹೊಡೆಯುವಷ್ಟು ಸಿಟ್ಟು ಬಂತು. ಸಿಟ್ಟೇನು, ಹೆದರಿಕೆ.

"ವರ್ಷಾ ವರ್ಷಾ ಮೂಟೆ ಎಳದಂಗೆ ಎಳೀತೀರ. ಸಾಕಾಗದೆ. ಕಾಲುವೆ ತೆಗುದ್ರೆ ನೀರು ಬರಲ್ಲ ಅಂದವ್ಳೆ ದ್ಯಾಮವ್ವ. ತೆಗುದ್ರಲ್ಲ?"

ಗಲಾಟೆ ಕೇಳಿ ದ್ಯಾಮವ್ವ ನೆನೆದುಕೊಂಡು ಓಡಿಬಂದಳು. ವಿಷಯ ತಿಳಿದು ಎದೆ ಬಡಿದುಕೊಂಡಳು. ಮಂಚದ ಪಕ್ಕ ಕುಕ್ಕರಿಸಿ ಅಕ್ಕನ ಕಾಲು ಹಿಡಿದಳು.

"ಯವ್ವಾ, ನಿನ್ನ ಕಾಲಿಗೆ ಬೀಳತೀನಿ, ಮ್ಯಾಲ ಏರು. ಅಲ್ಲಿ ಯಾವ ಕಾಲುವಿನೂ ಇಲ್ಲ. ನಾ ಏನೋ ಹುಚ್ಚು ಹೇಳಿದ್ದೆ. ಈಗಷ್ಟ ನೋಡಿ ಬಂದೀನಿ, ಬರೇ ಬಯಲು."

"ಆಗ ನಿಂಗೆ ಕಣ್ಣಿತ್ತು," ಎಂದಳು ಸಾಕಮ್ಮ. "ಆಗ ಹೇಳಿದ್ನ ಕೇಳ್ತೀನಿ. ಈಗ ನೀನು ನಮ್ಮವಳು, ನಿನ್ನ ಮಾತ್ಯಾಕೆ ಕೇಳ್ಲಿ?"

ಹೊಸ್ತಿಲು ದಾಟಿ ನೀರು ಒಳಗೆ ಬಂತು. ಕೆಂಪಯ್ಯ ಹಗ್ಗ ಹಿಡಿದುಕೊಂಡು ನನ್ನ ಮುಖ ನೋಡಿದ, ನೀನು ಹೂಂ ಅಂದರೆ ಬಲವಂತವಾಗಿ ಕಟ್ಟುತ್ತೇನೆ ಎಂಬಂತೆ. ನಾನು ಅಕ್ಕನ ಮುಖ ನೋಡಿದೆ. ಇಷ್ಟು ವರ್ಷ ಅವಳನ್ನು ಯಾರೂ ಏನೂ ಕೇಳಿರಲಿಲ್ಲ, ಎಳೆದಿದ್ದೆವು ಅಷ್ಟೆ. ನನ್ನ ಬಾಯಿಂದ ಹೂಂ ಬರಲಿಲ್ಲ. ನೆಲದ ಮೇಲೆ ಕೂತು ಮಂಚದ ಕಾಲಿಗೆ ಕೈಯಿಟ್ಟುಕೊಂಡೆ, ಎಷ್ಟು ಏರುತ್ತದೆಂದು ತಿಳಿಯಲು. ನೀರು ನನ್ನ ಕಿರುಬೆರಳು ಮುಟ್ಟಿತು. ಎಲ್ಲ ಬೆರಳುಗಳನ್ನು ಮುಚ್ಚಿತು. ಮಣಿಕಟ್ಟಿಗೆ ಬಂತು. ದ್ಯಾಮವ್ವ ತನ್ನ ಊರಿನ ದೇವರನ್ನೆಲ್ಲ ಕೂಗಿ ಕರೆಯುತ್ತಿದ್ದಳು.

ಆಗ ಹಿತ್ತಲ ಕಡೆ ದೊಡ್ಡದಾಗಿ ಏನೋ ಕುಸಿದಂತೆ ಸದ್ದಾಯಿತು. ಅದರ ಹಿಂದೆಯೇ ನೀರು ಓಡುವ ಸದ್ದು, ಮಳೆಯ ಸದ್ದನ್ನೂ ಮೀರಿಸಿ. ನಾನು ಹುಟ್ಟಿದಾಗಿನಿಂದ ನಮ್ಮ ಬೀದಿಯಲ್ಲಿ ಕೇಳದಿದ್ದ ಸದ್ದು ಅದು. ನನ್ನ ಮಣಿಕಟ್ಟು ಬಯಲಾಯಿತು, ಆಮೇಲೆ ಬೆರಳುಗಳು. ನೀರು ಬಂದ ಬಾಗಿಲಿನಿಂದಲೇ ಹಿಂದಕ್ಕೆ ಹೋಯಿತು. ನೆಲದ ಮೇಲೆ ತೆಳುವಾಗಿ ಕೆಸರು ಉಳಿಯಿತು.

ಕೆಂಪಯ್ಯ ಹಗ್ಗ ಕೆಳಗಿಟ್ಟು ಗೋಡೆಗೆ ಒರಗಿದ. ನಾನು ಅಕ್ಕನ ಹೊಟ್ಟೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅವಳು ನನ್ನ ತಲೆ ನೇವರಿಸಿದಳು.

ದ್ಯಾಮವ್ವ ಎದ್ದು ಹಿತ್ತಲ ಬಾಗಿಲು ತೆರೆದಳು. ಅಲ್ಲಿ ಅವಳಿಗೂ ನನಗೂ ಕಂಡದ್ದು ಮಳೆಯಲ್ಲಿ ನೆನೆಯುತ್ತಿದ್ದ ಹೂವಿನ ಬಯಲು ಮಾತ್ರ. ಆ ಹೂವುಗಳ ಕೆಳಗೆಲ್ಲೋ ನೀರು ಭೋರೆಂದು ಹೋಗುತ್ತಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ತುಂಬ ಹೊತ್ತು ಕಿವಿಗೊಟ್ಟು ಕೇಳಿದಳು.

"ಇದನ್ನ ನಾ ಮಾಡಿಸಿದ್ನೇನು?" ಎಂದು ಕೇಳಿದಳು.

"ಹೂಂ, ನೀನೇ," ಎಂದಳು ಸಾಕಮ್ಮ.

"ಅಕಿ ಯಾರರ ಇರಲಿ, ಶಾಣ್ಯಾಕಿ ಇದ್ದಳ ನೋಡು."

"ಹೊರಗಿನವಳು ಕಣೆ," ಎಂದಳು ನಮ್ಮಕ್ಕ. "ಊಟ ಹಾಕಿ ಕೆಡಿಸ್ಬುಟ್ವಿ."